ಸ್ಟ್ರಾಟಕ್ಸ್ ರಿಸೀವರ್: ಹಲವು ವರ್ಷಗಳ ಬಳಕೆಯ ನಂತರ, ಮುಖ್ಯವಾಗಿ ಆಂಟೆನಾ ಇಡುವ ಜಾಗದ ಬಗ್ಗೆ

ಅಮೆರಿಕದಲ್ಲಿದ್ದಾಗ ಕ್ಲಬ್ಬಿನ ಸೆಸ್ನಾ 172 ಮತ್ತು ಪೈಪರ್ ಚೆರೋಕಿ ವಿಮಾನಗಳಲ್ಲಿ ಸುತ್ತಲಿನ ವಿಮಾನಗಳನ್ನೂ ಹವಾಮಾನವನ್ನೂ ಟ್ಯಾಬ್ಲೆಟ್ ಪರದೆಗೆ ತರುವ ಈ ರಿಸೀವರ್ ಬಳಸುತ್ತಿದ್ದೆ. ಈಗ ಹಾಸನದಲ್ಲಿ ನೆಲೆಸಿದ್ದೇನೆ, ಪೆಟ್ಟಿಗೆಯೂ ನನ್ನೊಂದಿಗೇ ಬಂದಿದೆ. ಅಲ್ಲಿ ಹಾರಾಟ ಕಲಿಯುತ್ತಿರುವ ನಮ್ಮ ಕಡೆಯ ಹುಡುಗರು ಫೋನ್ ಮಾಡಿ ಯಾವ ರಿಸೀವರ್ ಕೊಳ್ಳಲಿ ಎಂದು ಕೇಳುತ್ತಾರೆ. ಯಾವುದನ್ನಾದರೂ ಕೊಳ್ಳಿ, ಅದನ್ನು ಎಲ್ಲಿಡುತ್ತೀರಿ ಎಂಬುದನ್ನು ಮೊದಲು ಹೇಳಿ ಎಂಬುದೇ ನನ್ನ ಉತ್ತರ.

ಸ್ಟ್ರಾಟಕ್ಸ್ ಎಂದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಎರಡು ರೇಡಿಯೊ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೊ) ಮತ್ತು ಒಂದು ಜಿಪಿಎಸ್ ಸೇರಿಸಿ ಮಾಡಿಕೊಳ್ಳುವ ಮುಕ್ತ ತಂತ್ರಾಂಶದ ಸಾಧನ. ಒಂದು ಆಂಟೆನಾ 1090 ಮೆಗಾಹರ್ಟ್ಸ್‌ನಲ್ಲಿ ಸುತ್ತಲಿನ ವಿಮಾನಗಳ ಎಡಿಎಸ್-ಬಿ ಸಂಕೇತ, ಅಂದರೆ ವಿಮಾನ ತನ್ನ ಸ್ಥಾನವನ್ನು ತಾನೇ ಸಾರುವ ಪ್ರಸಾರ, ಹಿಡಿಯುತ್ತದೆ. 978ರ ಇನ್ನೊಂದು ಆಂಟೆನಾಕ್ಕೆ ಅಮೆರಿಕದ ನೆಲದ ಗೋಪುರಗಳಿಂದ ಹವಾಮಾನದ ಮಾಹಿತಿ ಉಚಿತವಾಗಿ ಬರುತ್ತದೆ, ಕೆಲವು ಸಣ್ಣ ವಿಮಾನಗಳ ಸಂಕೇತವೂ ಬರುತ್ತದೆ. ಎರಡೂ ಬೆರಳುದ್ದದ ಕಡ್ಡಿಗಳು. ಈ ಅಲೆಗಳು ನೇರ ದೃಷ್ಟಿಯಲ್ಲಿ ಮಾತ್ರ ಸಾಗುತ್ತವೆ, ಲೋಹ ಅಡ್ಡ ಬಂದರೆ ಮುಗಿಯಿತು. ಸಾಲಗಾಮೆ ರಸ್ತೆಯಲ್ಲಿ ಇಸ್ರೊ ನಿಯಂತ್ರಣ ಕೇಂದ್ರದ ದೊಡ್ಡ ತಟ್ಟೆಗಳನ್ನು ನೋಡುತ್ತಾ ಬೆಳೆದ ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕ್ಲಬ್ಬಿನಲ್ಲಿ ಬಹುತೇಕರು ಪೆಟ್ಟಿಗೆಯನ್ನು ಮುಂದಿನ ಗಾಜಿನ ಕೆಳಗೆ, ಉಪಕರಣ ಫಲಕದ ಮೇಲೆ ಇಡುತ್ತಿದ್ದರು. ಜಿಪಿಎಸ್‌ಗೆ ಅದು ಒಳ್ಳೆಯ ಜಾಗ, ಉಳಿದ ಎಲ್ಲಕ್ಕೂ ಕೆಟ್ಟದ್ದು. ಮುಂದೆ ಮತ್ತು ಕೆಳಗೆ ಎಂಜಿನ್ನಿನ ಲೋಹ, ಹಿಂದೆ ಇಬ್ಬರು ಮನುಷ್ಯರ ದೇಹ. ನೀರು ತುಂಬಿದ ನಮ್ಮ ದೇಹವೂ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಮೇಲಾಗಿ ಬೇಸಗೆಯ ಬಿಸಿಲಿನಲ್ಲಿ ಡಾಂಗಲ್‌ಗಳು ಕೈ ಇಡಲಾಗದಷ್ಟು ಕಾದು ಪೆಟ್ಟಿಗೆ ತಾನಾಗಿಯೇ ನಿಂತುಹೋಗುತ್ತದೆ. ದಿಕ್ಸೂಚಿಯೂ ಅಲ್ಲೇ ಪಕ್ಕದಲ್ಲಿರುತ್ತದೆ, ಪೆಟ್ಟಿಗೆಯಿಂದಾಗಿ ಅದು ತಪ್ಪು ದಿಕ್ಕು ತೋರಿಸಬಹುದು.

ನನಗೆ ಒಗ್ಗಿದ್ದು ಹಿಂದಿನ ಪಕ್ಕದ ಕಿಟಕಿ. ಹೀರುಬಟ್ಟಲಿನ ಹಿಡಿಕೆಯಿಂದ ಗಾಜಿಗೆ ಅಂಟಿಸಿ, ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ನಡುವೆ ಒಂದು ಗೇಣಿನಷ್ಟು ಅಂತರ ಬಿಟ್ಟೆ. ವಿಮಾನಗಳ ಸಂಕೇತ ಲಂಬವಾಗಿ ಹೊರಡುವುದರಿಂದ ಮಲಗಿಸಿದ ಆಂಟೆನಾ ಅರ್ಧ ಕಿವುಡು. ಕಿಟಕಿಯ ಲೋಹದ ಚೌಕಟ್ಟಿನ ಹಿಂದೆ ಕಡ್ಡಿ ಮರೆಯಾದರೂ ವ್ಯತ್ಯಾಸ ಕಾಣುತ್ತದೆ. ಸ್ಟ್ರಾಟಕ್ಸ್‌ನ ಪುಟದಲ್ಲಿ ಪ್ರತಿ ಗೋಪುರದ ಸಂಕೇತ ಎಷ್ಟು ಬಲವಾಗಿದೆ, ನಿಮಿಷಕ್ಕೆ ಎಷ್ಟು ಸಂದೇಶ ಬರುತ್ತಿದೆ ಎಂಬುದು ತೋರುತ್ತದೆ. ಜೊತೆಗಾರರೊಬ್ಬರು ಹಿಂದೆ ಕೂತು ಕಡ್ಡಿಯನ್ನು ನಾಲ್ಕು ಬೆರಳಿನಷ್ಟು ಸರಿಸಿದರೂ ಆ ಅಂಕಿ ಏರಿಳಿಯುವುದನ್ನು ನೋಡಬಹುದು. ಹೊಂದಾಣಿಕೆ ಮಾಡಲು ಇದಕ್ಕಿಂತ ಉತ್ತಮ ಉಪಾಯ ನನಗೆ ಸಿಕ್ಕಿಲ್ಲ. ಪೈಲಟ್ ಒಬ್ಬರೇ ಹಾರುವಾಗ ಮಾತ್ರ ಈ ಕೆಲಸಕ್ಕೆ ಕೈ ಹಾಕಬಾರದು.

ಆದರೆ ಎಲ್ಲ ದಿಕ್ಕಿಗೂ ಒಪ್ಪುವ ಜಾಗ ಎಂಬುದಿಲ್ಲ. ಸೆಸ್ನಾದ ರೆಕ್ಕೆ ಮೇಲಿದೆ: ಕೆಳಗಿನ ಗೋಪುರಗಳು ಚೆನ್ನಾಗಿ ಸಿಗುತ್ತವೆ, ಮೇಲಿನಿಂದ ಬರುವ ವಿಮಾನ ರೆಕ್ಕೆಯ ಮರೆಗೆ ಹೋಗುತ್ತದೆ. ಚೆರೋಕಿಯ ರೆಕ್ಕೆ ಕೆಳಗಿರುವುದರಿಂದ ಅಲ್ಲಿ ಇದು ತಿರುವುಮುರುವು. ಎಡ ಕಿಟಕಿಯಲ್ಲಿಟ್ಟರೆ ಬಲಭಾಗ ಬಡವಾಗುತ್ತದೆ. ನಮ್ಮ ವಿಮಾನ ತನ್ನ ಸ್ಥಾನವನ್ನು ಪ್ರಸಾರ ಮಾಡುತ್ತಿದ್ದರೆ ನೆಲದ ಗೋಪುರಗಳು ಸುತ್ತ 15 ನಾಟಿಕಲ್ ಮೈಲಿ, ಮೇಲೆ ಕೆಳಗೆ 3,500 ಅಡಿ ವ್ಯಾಪ್ತಿಯ ವಿಮಾನಗಳ ವಿವರ ಕಳಿಸಿ ಈ ಕೊರತೆಯನ್ನು ಸ್ವಲ್ಪ ತುಂಬುತ್ತವೆ. ಟ್ರಾನ್ಸ್‌ಪಾಂಡರ್ (ರಾಡಾರ್ ಕೇಳಿದಾಗ ಉತ್ತರಿಸುವ ರೇಡಿಯೊ) ಇಲ್ಲದ ವಿಮಾನ ಅದರಲ್ಲೂ ಬರುವುದಿಲ್ಲ. ಖಾಲಿ ಪರದೆ ನೋಡಿ ಖಾಲಿ ಆಕಾಶ ಎಂದುಕೊಳ್ಳುವವರ ಜೊತೆ ನಾನು ಹಾರುವುದಿಲ್ಲ. ಇದಕ್ಕೆ ಉಲ್ಟಾ ತಮಾಷೆಯೂ ಇದೆ: ವಿಮಾನದ ಸಂಕೇತಸಂಖ್ಯೆಯನ್ನು ಸೆಟ್ಟಿಂಗಿನಲ್ಲಿ ತುಂಬದಿದ್ದರೆ ನಮ್ಮದೇ ವಿಮಾನ ನಮ್ಮನ್ನು ಬೆನ್ನಟ್ಟುತ್ತಿರುವಂತೆ ಪರದೆ ಬೊಬ್ಬೆ ಹಾಕುತ್ತದೆ.

ಹವಾಮಾನದ ವಿಷಯದಲ್ಲಿ ಎರಡು ಮಾತು. ನೆಲದ ಮೇಲೆ ನಿಂತಿದ್ದಾಗ ಅನೇಕ ಕಡೆ ಏನೂ ಬರುವುದಿಲ್ಲ, ಮೇಲೇರಿದ ಮೇಲೆ ಗೋಪುರ ಕಣ್ಣಿಗೆ ಬೀಳುತ್ತದೆ. ಎರಡನೆಯದು ಹೆಚ್ಚು ಗಂಭೀರ: ಮಳೆಯ ರಾಡಾರ್ ಚಿತ್ರದ ಮೇಲೆ ಬರೆದಿರುವ ವಯಸ್ಸಿಗಿಂತ ನಿಜವಾದ ರಾಡಾರ್ ಮಾಹಿತಿ 15ರಿಂದ 20 ನಿಮಿಷ ಹಳೆಯದಾಗಿರಬಹುದು ಎಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲೇ ಎಚ್ಚರಿಸಿದೆ. ಗುಡುಗುಮಳೆಯ ಮೋಡಗಳ ನಡುವೆ ಸಂದಿ ಹುಡುಕಲು ಇದನ್ನು ನಂಬುವುದು ಹುಚ್ಚು. ಸುತ್ತು ಹಾಕಿ ಹೋಗಲು ಸಾಕು.

ಇಲ್ಲಿಗೆ ಬಂದ ಮೇಲೆ? ಒಮ್ಮೆ ಮುಳ್ಳಯ್ಯನಗಿರಿಗೆ ಒಯ್ದಿದ್ದೆ. 1,930 ಮೀಟರ್ ಎತ್ತರ, ಯಾವ ಅಡ್ಡಿಯೂ ಇಲ್ಲ, ಪರದೆ ತುಂಬ ವಿಮಾನಗಳು. ಮೂಡಿಗೆರೆಯಲ್ಲಿ ಕಾಫಿ ತೋಟವಿರುವ ನನ್ನ ಭಾವಮೈದುನ ಬಗ್ಗಿ ನೋಡಿ, “ಭಾವ, ಇದರಲ್ಲಿ ಹೂಮಳೆ ಯಾವತ್ತು ಎಂದು ತಿಳಿಯುತ್ತದೆಯೇ?” ಎಂದ. ಇಲ್ಲ. 978ರ ಹವಾಮಾನ ಪ್ರಸಾರ ಅಮೆರಿಕದ ಏರ್ಪಾಡು, ಭಾರತದಲ್ಲಿ ಆ ಆಂಟೆನಾಕ್ಕೆ ಕೆಲಸವೇ ಇಲ್ಲ. ಅವನ ಆಸಕ್ತಿ ಅಲ್ಲಿಗೇ ಮುಗಿಯಿತು. ಅದೇ ಪೆಟ್ಟಿಗೆಯನ್ನು ಅವನ ತೋಟದಲ್ಲಿ, ಸಿಲ್ವರ್ ಓಕ್ ಮರಗಳ ನಡುವೆ ಇಟ್ಟಾಗ ನೆತ್ತಿಯ ಮೇಲಿನ ವಿಮಾನಗಳಷ್ಟೇ ಕಂಡವು.

ದೂರುಗಳು: ಜೊತೆಗೆ ಕೊಂಡ ಹಿಡಿಕೆಯ ಹೀರುಬಟ್ಟಲು ಚಳಿಯಲ್ಲಿ ಗಾಜು ಬಿಟ್ಟು ಬೀಳುತ್ತದೆ. ಪೆಟ್ಟಿಗೆ ಅಲುಗಾಡಿದರೆ ಅದು ತೋರಿಸುವ ವಿಮಾನದ ವಾಲಿಕೆಯೂ ಸುಳ್ಳಾಗುತ್ತದೆ, ಹಾಗಾಗಿ ಗಟ್ಟಿ ಹಿಡಿಕೆಗೆ ಬೇರೆ ಖರ್ಚು ಮಾಡಿ. ಆಂಟೆನಾ ದೂರ ಇಡಲು ಉದ್ದದ ತೆಳು ಕೇಬಲ್ ಹಾಕಬೇಡಿ, ಗಿಟ್ಟಿಸಿದ ಸಂಕೇತವೆಲ್ಲ ಅದರಲ್ಲೇ ಸೋರಿಹೋಗುತ್ತದೆ. ಕಾರ್ಬನ್ ನಾರಿನ ವಿಮಾನವಾದರೆ, ಅದರ ಮೈಯೂ ಲೋಹದಂತೆ ಅಲೆಗಳನ್ನು ತಡೆಯುವುದರಿಂದ, ಕಿಟಕಿ ಬಿಟ್ಟು ಬೇರೆ ಜಾಗ ಯೋಚಿಸಲೇಬೇಡಿ. ಅಮೆರಿಕದಲ್ಲಿ ಹಾರುವವರಿಗೆ ಐದಕ್ಕೆ ನಾಲ್ಕು ಅಂಕ, ಊರಲ್ಲಿ ಕೂತು ವಿಮಾನ ನೋಡುವವರಿಗೆ ಒಂದೇ ಡಾಂಗಲ್ ಮತ್ತು 1090ರ ಆಂಟೆನಾ ಸಾಕು.