ನಂದಿ, ಚನ್ನಪಟ್ಟಣ, ನಾಸಿಕ್: ವೈನ್, ಊಟ, ಹಾಡು ಎಲ್ಲಿ ಹೊಂದುತ್ತವೆ?

ವೈನ್ ರುಚಿ ನೋಡಬೇಕು, ನೆಮ್ಮದಿಯಾಗಿ ಊಟ ಮಾಡಬೇಕು, ಹಾಡು ಕೇಳಬೇಕು, ಕತ್ತಲಾಗುವಷ್ಟರಲ್ಲಿ ಮನೆ ಸೇರಬೇಕು. ಬೆಂಗಳೂರಿನಿಂದ ಹೊರಡುವವರಿಗೆ ಈ ನಾಲ್ಕನ್ನೂ ಚೆನ್ನಾಗಿ ಒದಗಿಸುವ ದ್ರಾಕ್ಷಿ ತೋಟ ನನಗಂತೂ ಸಿಕ್ಕಿಲ್ಲ. ಒಂದನ್ನು ಬಿಟ್ಟುಕೊಡಲೇಬೇಕು. ಯಾವುದನ್ನು ಬಿಡಬಹುದು ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡರೆ ಎಲ್ಲಿಗೆ ಹೋಗಬೇಕು ಎಂಬ ಚರ್ಚೆಯೇ ಉಳಿಯುವುದಿಲ್ಲ.

ಹೋಲಿಕೆಗೆ ತೆಗೆದುಕೊಂಡಿರುವುದು ಮೂರು ಜಾಗ: ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ, ಮೈಸೂರು ದಾರಿಯಲ್ಲಿ ಚನ್ನಪಟ್ಟಣದ ಬಳಿಯ ಡೊಮೇನ್ ಸುಲಾ, ಮಹಾರಾಷ್ಟ್ರದ ನಾಸಿಕ್‌ನ ಸುಲಾ. ನಾಸಿಕ್ಕನ್ನು ಮಾತ್ರ ಎರಡಾಗಿ ಎಣಿಸಬೇಕು. ಸಾಮಾನ್ಯ ದಿನದ ತೋಟ ಬೇರೆ, ಸುಲಾಫೆಸ್ಟ್ ಎಂಬ ಹಾಡು–ವೈನಿನ ಹಬ್ಬ ನಡೆಯುವ ದಿನಗಳ ತೋಟವೇ ಬೇರೆ. ನನ್ನ ಜೊತೆಗೆ ಬಂದವರು ಅಕ್ಕ ಮತ್ತು ಭಾವ. ಅಕ್ಕನಿಗೆ ತುಸು ಸಿಹಿ ಇರುವ ವೈನ್ ಇಷ್ಟ, ನನಗೆ ಒಗರು ಇಷ್ಟ, ಭಾವ ಕುಡಿಯುವುದಿಲ್ಲ. ಕಾರು ಓಡಿಸುವವರೂ ಅವರೇ. ಇಂಥ ಪ್ರವಾಸಕ್ಕೆ ಕುಡಿಯದ ಒಬ್ಬರು ಜೊತೆಗಿರುವುದು ಕಾರಿಗಷ್ಟೇ ಅಲ್ಲ, ವಿಮರ್ಶೆಗೂ ಒಳ್ಳೆಯದು. ಗ್ಲಾಸಿನ ಮಾತು ಬಿಟ್ಟರೆ ಈ ತೋಟದಲ್ಲಿ ನೋಡುವುದಕ್ಕೆ, ತಿನ್ನುವುದಕ್ಕೆ ಏನಿದೆ ಎಂದು ಕೇಳುವವರು ಅವರೊಬ್ಬರೇ.

ಮೊದಲು ಕಾಲದ ವಿಷಯ, ಏಕೆಂದರೆ ತಪ್ಪು ತಿಂಗಳಲ್ಲಿ ಹೋದರೆ ಮೂರು ಜಾಗಗಳೂ ಸಪ್ಪೆ. ಯುರೋಪಿನಂತೆ ಇಲ್ಲಿ ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುವುದಿಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಬಳ್ಳಿಯ ಕೊಂಬೆಗಳನ್ನು ಕತ್ತರಿಸಿ ಸವರುತ್ತಾರೆ. ವಿಜಯಪುರದ ಬೆಳೆಗಾರರ ಬಾಯಲ್ಲಿ ಇದು ಚಾಟ್ನಿ. ಏಪ್ರಿಲ್ ಸುಮಾರಿಗೆ ಒಂದು, ಮಳೆ ಹಿಂದೆ ಸರಿದ ಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು. ಎರಡನೆಯ ಚಾಟ್ನಿಯ ನಂತರ ಬರುವುದೇ ಫಸಲು. ನಾಸಿಕ್‌ನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ನಂದಿಯ ಕಡೆ ಅದು ಇನ್ನೂ ತುಸು ತಡವಾಗುತ್ತದೆ. ಮೇ ತಿಂಗಳಲ್ಲಿ ಹೋದವರಿಗೆ ಕಾಣುವುದು ಕಂಬ, ತಂತಿ ಮತ್ತು ಸವರಿದ ಬಳ್ಳಿ. ಮಳೆಗಾಲದಲ್ಲಿ ನಾಸಿಕ್‌ನ ಬೆಟ್ಟಗಳು ಹಸಿರೋ ಹಸಿರು, ಆದರೆ ಬಳ್ಳಿಯಲ್ಲಿ ಗೊಂಚಲು ಇರುವುದಿಲ್ಲ. ಫೆಬ್ರವರಿಯೇ ಸರಿಯಾದ ತಿಂಗಳು.

ನಂದಿಯಿಂದ ಆರಂಭಿಸುತ್ತೇನೆ. ನಗರದಿಂದ ಸುಮಾರು 40 ಕಿಲೋಮೀಟರ್. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ರಸ್ತೆಗಳಲ್ಲಿ ಚಪ್ಪರಕ್ಕೆ ಹಬ್ಬಿಸಿದ ದ್ರಾಕ್ಷಿ ಎಲ್ಲರಿಗೂ ಪರಿಚಿತ. ಅದರಲ್ಲಿ ಹೆಚ್ಚಿನದು ಬೆಂಗಳೂರು ಬ್ಲೂ, ನಮ್ಮ ಕಡೆಯದೇ ಎಂದು ಭೌಗೋಳಿಕ ಗುರುತು ಪಡೆದ ದಪ್ಪ ಸಿಪ್ಪೆಯ ಕಪ್ಪು ಹಣ್ಣು. ಜ್ಯೂಸಿಗೂ ಅಗ್ಗದ ಸಿಹಿ ವೈನಿಗೂ ಅದೇ ಹೋಗುತ್ತದೆ. ಗ್ರೋವರ್ ತೋಟದೊಳಗೆ ಕಾಲಿಟ್ಟರೆ ಚಪ್ಪರವಿಲ್ಲ. ಬೇಲಿ ಕಟ್ಟಿದ ಹಾಗೆ ಸಾಲು ಸಾಲಾಗಿ ನೆಟ್ಟಗೆ ಹಬ್ಬಿಸಿದ ಬಳ್ಳಿಗಳು, ಬಟಾಣಿಗಿಂತ ತುಸು ದೊಡ್ಡ ಹಣ್ಣುಗಳು. ಒಂದನ್ನು ಬಾಯಿಗೆ ಹಾಕಿಕೊಂಡ ಭಾವನಿಗೆ ಆಶ್ಚರ್ಯ: ಇಷ್ಟು ಸಿಹಿಯಾದ ಹಣ್ಣನ್ನು ಮಾರುಕಟ್ಟೆಗೆ ಏಕೆ ಕಳಿಸುವುದಿಲ್ಲ? ಬೀಜ, ದಪ್ಪ ಸಿಪ್ಪೆ, ಕಡಿಮೆ ತಿರುಳು ಇರುವುದರಿಂದ ಯಾರೂ ಕೊಳ್ಳುವುದಿಲ್ಲ ಎಂಬುದು ಉತ್ತರ. ವೈನಿಗೆ ಬೇಕಾದದ್ದೂ ಆ ಸಿಪ್ಪೆ ಮತ್ತು ಆ ಸಕ್ಕರೆಯೇ. ಸಕ್ಕರೆಯನ್ನು ಯೀಸ್ಟ್ ಮದ್ಯಸಾರವಾಗಿಸುತ್ತದೆ, ಬಣ್ಣ ಮತ್ತು ಒಗರು ಸಿಪ್ಪೆಯಿಂದ ಬರುತ್ತವೆ.

ಈ ತೋಟದ ಹಿಂದಿನ ಕಥೆಯೂ ಕೇಳುವಂಥದ್ದು. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ಶಾಂಪೇನ್ ಪ್ರದೇಶದ ವೈನ್ ತಜ್ಞ ಜಾರ್ಜ್ ವೆಸೆಲ್ ಅವರನ್ನು ಕರೆತಂದು, ಯಾವ ತಳಿ ಎಲ್ಲಿ ಬೆಳೆಯುತ್ತದೆ ಎಂದು ವರ್ಷಗಟ್ಟಲೆ ಪರೀಕ್ಷಿಸಿ, ಕೊನೆಗೆ ನಂದಿಯ ತಪ್ಪಲನ್ನು ಆರಿಸಿದರು. ಮೊದಲ ವೈನ್ ಹೊರಬಂದದ್ದು 1992ರಲ್ಲಿ. 1990ರ ದಶಕದ ಮಧ್ಯದಿಂದ ಫ್ರಾನ್ಸಿನದೇ ಬೋರ್ಡೊ ಪ್ರದೇಶದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾದರು. 2012ರಲ್ಲಿ ನಾಸಿಕ್ ಕಡೆಯ ಜಂಪಾ ಎಂಬ ವೈನ್ ಸಂಸ್ಥೆ ಇದರೊಂದಿಗೆ ಸೇರಿಕೊಂಡಿತು. ಬೆಂಗಳೂರಿನ ಎತ್ತರ ಮತ್ತು ತಂಪು ರಾತ್ರಿಗಳೇ ಈ ಆಯ್ಕೆಗೆ ಕಾರಣ ಎಂದು ತೋಟ ತೋರಿಸುವವರು ವಿವರಿಸುತ್ತಾರೆ. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ಕೊಡುತ್ತದೆ, ರಾತ್ರಿಯ ತಂಪು ಹುಳಿಯನ್ನು ಉಳಿಸುತ್ತದೆ.

ಇಲ್ಲಿ ನಡೆಯುವುದು ಪಾಠ. ತೋಟದಿಂದ ಉಕ್ಕಿನ ತೊಟ್ಟಿಗಳ ಬಳಿಗೆ, ಅಲ್ಲಿಂದ ಓಕ್ ಮರದ ಪೀಪಾಯಿಗಳ ತಂಪು ಕೋಣೆಗೆ, ಆಮೇಲೆ ಮೇಜಿನ ಮುಂದೆ. ಬಿಳಿಯಿಂದ ಆರಂಭಿಸಿ ಕೆಂಪಿಗೆ ಹೋಗುತ್ತಾರೆ, ಒಂದೊಂದು ಗ್ಲಾಸಿನಲ್ಲೂ ಒಂದೆರಡು ಗುಟುಕು. ಕ್ಯಾಬರ್ನೆ ಮತ್ತು ಶಿರಾಜ್ ಎಂಬ ಕಪ್ಪು ದ್ರಾಕ್ಷಿ ತಳಿಗಳನ್ನು ಬೆರೆಸಿ ಓಕ್‌ನಲ್ಲಿ ಇಟ್ಟ ಕೆಂಪು ವೈನ್ ಲಾ ರಿಸರ್ವ್ ನನಗೆ ಮೂರೂ ಜಾಗಗಳಲ್ಲಿ ಹೆಚ್ಚು ಹಿಡಿಸಿದ ಗ್ಲಾಸು. ಎಳೆ ನೇರಳೆ ಹಣ್ಣು ತಿಂದಾಗ ನಾಲಿಗೆ ಬಿಗಿಯುತ್ತದಲ್ಲ, ಆ ಬಗೆಯ ಹಿಡಿತ ಅದರಲ್ಲಿತ್ತು. ಅಕ್ಕ ಮುಖ ಕಿವುಚಿ ತನ್ನ ಪಾಲನ್ನೂ ನನ್ನತ್ತ ತಳ್ಳಿದಳು. ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತದೆ, ಗಲಾಟೆ ಇಲ್ಲ. ಹಾಡೂ ಇಲ್ಲ. ವಿಶೇಷ ಕಾರ್ಯಕ್ರಮದ ದಿನ ಹೋಗದಿದ್ದರೆ ಇಲ್ಲಿ ಕೇಳುವುದು ಗೈಡಿನ ಮಾತು ಮತ್ತು ಗಿಳಿಗಳ ಕೂಗು. ನನಗೆ ಅದು ಕೊರತೆ ಎನಿಸಲಿಲ್ಲ.

ಚನ್ನಪಟ್ಟಣದ ಬಗ್ಗೆ ಹೇಳುವುದು ಕಡಿಮೆ, ಆದರೆ ನಾವು ಮತ್ತೆ ಮತ್ತೆ ಹೋಗುವುದು ಅಲ್ಲಿಗೇ. ಮೊದಲು ಹೆರಿಟೇಜ್ ವೈನರಿ ಎಂದಿದ್ದ ಜಾಗವನ್ನು ಸುಲಾ ಕೊಂಡು ಡೊಮೇನ್ ಸುಲಾ ಮಾಡಿತು. ಕರ್ನಾಟಕದ ಹಣ್ಣಿನಿಂದ ಮಾಡುವ ‘ಕಾಡು’ ವೈನ್ ಇವರದ್ದೇ. ಮೈಸೂರಿಗೆ ಹೋಗುವ ದಾರಿಯಲ್ಲಿ ನಿಲ್ಲಬಹುದು ಎಂಬುದೇ ಇದರ ದೊಡ್ಡ ಗುಣ. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಊರುಗಳೆಲ್ಲ ಬದಿಗೆ ಸರಿದಿರುವುದರಿಂದ ಎಲ್ಲಿ ಇಳಿಯಬೇಕು ಎಂದು ಮುಂಚೆಯೇ ನೋಡಿಕೊಂಡಿರಬೇಕು, ದಾಟಿ ಹೋದರೆ ತಿರುಗಿ ಬರುವುದು ದೂರ. ತೋಟದ ಪಾಠ ಇಲ್ಲಿ ಚಿಕ್ಕದು. ನಂದಿಯ ವಿವರ ಕೇಳಿ ಬಂದವರಿಗೆ ಹೊಸದೇನೂ ಇರದು. ಮೊದಲ ಸಲ ಬಂದವರಿಗೆ, ಮಕ್ಕಳ ತಾತ ಅಜ್ಜಿಯರನ್ನು ಜೊತೆಗೆ ಕರೆತಂದವರಿಗೆ ಇಷ್ಟು ಸಾಕು. ರುಚಿ ನೋಡಿ, ಊಟ ಮಾಡಿ, ಸಂಜೆ ಮೈಸೂರಿನಲ್ಲಿ ಇರಬಹುದು.

ನಾಸಿಕ್ ಅಷ್ಟು ಸುಲಭವಲ್ಲ. ಬೆಂಗಳೂರಿನಿಂದ ಸುಮಾರು ಸಾವಿರ ಕಿಲೋಮೀಟರ್, ಎರಡು ರಾತ್ರಿಯಾದರೂ ಉಳಿಯಬೇಕು. ಅಮೆರಿಕದ ಕೆಲಸ ಬಿಟ್ಟು ಬಂದ ರಾಜೀವ್ ಸಾಮಂತ್ 1990ರ ದಶಕದ ಕೊನೆಯಲ್ಲಿ ಇಲ್ಲಿ ಸೊವಿನ್ಯೋ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನಿನ ದ್ರಾಕ್ಷಿ ತಳಿಗಳನ್ನು ನೆಟ್ಟರು. ತಾಯಿ ಸುಲಭಾ ಅವರ ಹೆಸರೇ ತೋಟಕ್ಕೆ ಬಂತು. ತಿನ್ನುವ ದ್ರಾಕ್ಷಿಗೆ ಹೆಸರಾದ ಊರು ವೈನಿನ ಊರಾದದ್ದು ಅಲ್ಲಿಂದ. ಮಹಾರಾಷ್ಟ್ರ ಸರ್ಕಾರ 2001ರಲ್ಲೇ ವೈನಿಗೆಂದು ನೀತಿ ಮಾಡಿತು, ನಮ್ಮ ರಾಜ್ಯದ ನೀತಿ ಬಂದದ್ದು 2007ರಲ್ಲಿ. ಆ ಅಂತರ ಇವತ್ತಿಗೂ ಕಣ್ಣಿಗೆ ಕಾಣುತ್ತದೆ. ನಾಸಿಕ್‌ನಲ್ಲಿ ಒಂದು ವೈನರಿ ಬೇಸರವಾದರೆ ಗಂಗಾಪುರ ಜಲಾಶಯದ ಆಸುಪಾಸಿನಲ್ಲೇ ಇನ್ನೊಂದಕ್ಕೆ ಹೋಗಬಹುದು. ನಂದಿಯಲ್ಲಿ ಹಾಗೆ ಆಟೊ ಹಿಡಿದು ತೋಟದಿಂದ ತೋಟಕ್ಕೆ ಸುತ್ತುವ ಅನುಕೂಲವಿಲ್ಲ.

ಸಾಮಾನ್ಯ ದಿನದ ನಾಸಿಕ್‌ನಲ್ಲಿ ನನಗೆ ಇಷ್ಟವಾದದ್ದು ಸಂಜೆ. ಮಹಡಿಯ ರುಚಿ ಕೊಠಡಿಯಿಂದ ಬಳ್ಳಿಯ ಸಾಲು, ಅದರಾಚೆ ಬೆಟ್ಟ, ಜೊತೆಗೆ ತಣ್ಣಗಿನ ಸೊವಿನ್ಯೋ ಬ್ಲಾಂಕ್. ಅದರಲ್ಲಿ ಸೀಬೆಕಾಯಿಯ ಮತ್ತು ಆಗಷ್ಟೇ ಮುರಿದ ಹಸಿಮೆಣಸಿನಕಾಯಿಯ ವಾಸನೆ ಇದೆ ಎಂದು ಹೇಳಿದಾಗ ಭಾವ ನಕ್ಕರು, ಮೂಸಿ ನೋಡಿ ಒಪ್ಪಿಕೊಂಡರು. ವಾರಾಂತ್ಯದಲ್ಲಿ ಮುಂಬೈ, ಪುಣೆಯ ಜನ ಸೇರುತ್ತಾರೆ. ಪಾಠಕ್ಕೆ ಬಂದವರು ವಾರದ ನಡುವೆ ಹೋಗಬೇಕು. ಜನರ ಸಡಗರ ಬೇಕೆನ್ನುವವರು ಶನಿವಾರ.

ಈಗ ಊಟ. ನನ್ನ ಮಟ್ಟಿಗೆ ಇಡೀ ಹೋಲಿಕೆ ನಿಂತಿರುವುದು ಇದರ ಮೇಲೆ. ಬಹುತೇಕ ತೋಟಗಳು ರುಚಿ ನೋಡುವಾಗ ಕೊಡುವುದು ಚೀಸ್, ಬಿಸ್ಕತ್ತು, ಒಂದಿಷ್ಟು ಕುರುಕಲು. ಆಮೇಲೆ ಪಿಜ್ಜಾ, ಪಾಸ್ತಾ. ಅವು ವೈನಿಗೆ ತೊಂದರೆ ಕೊಡುವುದಿಲ್ಲ, ನಿಜ. ಆದರೆ ಮನೆಗೆ ಒಯ್ದ ಬಾಟಲಿಯನ್ನು ನಾವು ತೆರೆಯುವುದು ಸಾರು, ಪಲ್ಯ, ಕೋಳಿ ಸಾಂಬಾರಿನ ಜೊತೆಗಲ್ಲವೇ? ಖಾರದ ಮೇಲೆ ಒಗರಾದ ಕೆಂಪು ವೈನ್ ಬಿದ್ದರೆ ಖಾರವೂ ಕೆರಳುತ್ತದೆ, ವೈನೂ ಕಹಿಯಾಗುತ್ತದೆ. ಮದ್ಯಸಾರ ಹೆಚ್ಚಿದಷ್ಟೂ ನಾಲಿಗೆ ಉರಿಯುತ್ತದೆ. ಹುಣಸೆಯ ಹುಳಿಯ ಮುಂದೆ ಹುಳಿ ಕಡಿಮೆ ಇರುವ ವೈನ್ ನೀರಾಗಿ ಕಾಣುತ್ತದೆ. ತಣ್ಣಗಿರುವ, ತುಸು ಸಿಹಿ ಉಳಿಸಿಕೊಂಡ, ಹುಳಿಯೂ ಇರುವ ಶೆನಿನ್ ಬ್ಲಾಂಕ್ ಮಾತ್ರ ಎರಡನ್ನೂ ತಡೆದುಕೊಳ್ಳುತ್ತದೆ. ಅಕ್ಕನ ಆಯ್ಕೆ ಗೆದ್ದದ್ದು ಇಲ್ಲಿ. ಕೋಡುಬಳೆಯನ್ನೂ ಹುರಿದ ಕಡಲೆಬೀಜವನ್ನೂ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದ ಅವಳು, ಮನೆಯಲ್ಲಿ ಅದೇ ಶೆನಿನ್ ಸುರಿದು ತಿನ್ನಿಸಿದಾಗ ನಾನು ವಾದ ಮಾಡಲಿಲ್ಲ. ಲಾ ರಿಸರ್ವ್‌ಗೆ ನಾನು ಕಂಡುಕೊಂಡ ಜೊತೆ ಎಂದರೆ ಮೆಣಸು ಹೆಚ್ಚು, ಮೆಣಸಿನಕಾಯಿ ಕಡಿಮೆ ಇರುವ ಮಟನ್ ಹುರಿದದ್ದು. ಮಾಂಸದ ಕೊಬ್ಬು ಒಗರನ್ನು ಮೆತ್ತಗಾಗಿಸುತ್ತದೆ.

ನಾಸಿಕ್‌ನಲ್ಲಿ ಒಂದು ಎಚ್ಚರಿಕೆ. ಊರಿನ ಮಿಸಳ್ ತಿನ್ನದೆ ಬರಬಾರದು, ಆದರೆ ಅದನ್ನು ಬೆಳಗಿನ ತಿಂಡಿಗೆ ತಿಂದು, ಮಧ್ಯಾಹ್ನ ಕಳೆದ ಮೇಲೆ ವೈನಿಗೆ ಕೂರಿ. ಆ ಕೆಂಪು ರಸದ ಖಾರ ನಾಲಿಗೆಯಲ್ಲಿ ಇರುವಷ್ಟು ಹೊತ್ತು ಯಾವ ಗ್ಲಾಸೂ ತನ್ನ ರುಚಿ ಬಿಟ್ಟುಕೊಡುವುದಿಲ್ಲ. ಊಟದ ಲೆಕ್ಕದಲ್ಲಿ ಭಾವನ ಅಂಕ ಚನ್ನಪಟ್ಟಣಕ್ಕೆ. ತೋಟದ ಅಡುಗೆಗಿಂತಲೂ ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ, ಮುಂದೆ ಮದ್ದೂರಿನ ವಡೆ ಇವೆ ಎಂಬುದು ಅವರ ವಾದ. ಇದು ಮೋಸದ ಅಂಕ ಎಂದು ನಾನು ಹೇಳಿದೆ, ಅವರು ಬದಲಿಸಲಿಲ್ಲ.

ಹಾಡಿನ ವಿಷಯದಲ್ಲಿ ಪೈಪೋಟಿಯೇ ಇಲ್ಲ. ಸುಲಾಫೆಸ್ಟ್ 2008ರಲ್ಲಿ ಆರಂಭವಾಯಿತು, ಕೋವಿಡ್ ಕಾಲದಲ್ಲಿ ನಿಂತು 2025ರಲ್ಲಿ ಮರಳಿತು. ಬಳ್ಳಿಗಳ ನಡುವಿನ ಬಯಲು ರಂಗಮಂದಿರ, ಸುತ್ತಲೂ ತಿಂಡಿಯ ಮಳಿಗೆಗಳು, ತೊಟ್ಟಿಯಲ್ಲಿ ಬರಿಗಾಲಲ್ಲಿ ದ್ರಾಕ್ಷಿ ತುಳಿಯುವ ಆಟ. ಸಂಜೆ ತಂಪೇರಿದ ಮೇಲೆ ಮೆಟ್ಟಿಲ ಮೇಲೆ ಕುಳಿತು ಬ್ಯಾಂಡ್ ಕೇಳುವುದು ನಿಜಕ್ಕೂ ಖುಷಿ. ಆದರೆ ಅಲ್ಲಿ ವೈನಿನ ರುಚಿ ನೋಡುತ್ತೇನೆ ಎಂದು ಹೊರಟವರು ನಿರಾಶರಾಗುತ್ತಾರೆ. ಗ್ಲಾಸು ಕೈಯಲ್ಲಿರುತ್ತದೆ, ಮನಸ್ಸು ವೇದಿಕೆಯ ಮೇಲಿರುತ್ತದೆ. ಮೂಸಲು, ನಿಧಾನವಾಗಿ ಬಾಯಲ್ಲಿ ಆಡಿಸಲು, ಪಕ್ಕದವರ ಜೊತೆ ಜಗಳವಾಡಲು ಬೇಕಾದ ಸದ್ದಿಲ್ಲದ ಹೊತ್ತು ಹಬ್ಬದಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅಂಥ ದಿನ ಒಂದೇ ಬಗೆಯ ವೈನ್ ಹಿಡಿದುಕೊಳ್ಳಿ. ನನ್ನ ಸಲಹೆ ಜಿನ್‌ಫ್ಯಾಂಡಲ್ ರೋಸೆ ಎಂಬ ಗುಲಾಬಿ ಬಣ್ಣದ ವೈನ್: ತಣ್ಣಗಿರುತ್ತದೆ, ಮಳಿಗೆಯ ಎಲ್ಲ ತಿಂಡಿಗೂ ಹೊಂದಿಕೊಳ್ಳುತ್ತದೆ, ಯೋಚಿಸಿ ಕುಡಿಯಬೇಕು ಎಂದು ಪೀಡಿಸುವುದಿಲ್ಲ.

ಬೆಂಗಳೂರಿನ ಹತ್ತಿರವೇ ವೈನ್, ಊಟ, ಹಾಡು ಮೂರನ್ನೂ ಒಂದೇ ಟಿಕೆಟ್ಟಿನಲ್ಲಿ ಕೊಡುತ್ತೇವೆ ಎನ್ನುವ ಸಂಜೆಗಳೂ ಇವೆ. ಅಂಥದ್ದೊಂದಕ್ಕೆ ಹೋಗಿದ್ದೆವು, ಯಾವುದೆಂಬ ಹೆಸರು ಇಲ್ಲಿ ಬೇಡ. ಶಾಮಿಯಾನದ ಬಿಸಿಗೆ ಕೆಂಪು ವೈನ್ ಬೆಚ್ಚಗಾಗಿತ್ತು. ಬಿಳಿ ವೈನಿಗೆ ಮಂಜುಗಡ್ಡೆ ಹಾಕಿ ಕೊಟ್ಟರು. ಸ್ಪೀಕರಿನ ಮುಂದೆ ಮೇಜು, ಊಟಕ್ಕೆ ಬಫೆ ಸಾಲು, ಸಾಲಿನ ತುದಿ ತಲುಪುವಷ್ಟರಲ್ಲಿ ಮೀನು ಖಾಲಿ. ತೋಟ ಇದ್ದದ್ದು ಎಲ್ಲೋ ಹಿಂದೆ, ಕತ್ತಲಲ್ಲಿ. ಇಂಥ ಟಿಕೆಟ್ ಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿ: ಹಗಲಲ್ಲಿ ತೋಟ ತೋರಿಸುತ್ತೀರಾ, ರುಚಿ ನೋಡುವುದು ಹಾಡು ಆರಂಭವಾಗುವ ಮುಂಚೆಯೇ? ಎರಡಕ್ಕೂ ಸ್ಪಷ್ಟ ಉತ್ತರ ಬರದಿದ್ದರೆ, ಅದೇ ದುಡ್ಡಿಗೆ ಒಳ್ಳೆಯ ಬಾಟಲಿ ಕೊಂಡು ಮನೆಯ ತಾರಸಿಯಲ್ಲಿ ಹಾಡು ಹಾಕಿಕೊಳ್ಳುವುದು ಲಾಭ. ನಗರದೊಳಗೇ ಆಗಾಗ ನಡೆಯುವ ದ್ರಾಕ್ಷಾರಸ ಉತ್ಸವಗಳೂ ಇದಕ್ಕಿಂತ ಮೇಲು. ಅಲ್ಲಿ ತೋಟವಿಲ್ಲ, ಆದರೆ ರಾಜ್ಯದ ಹಲವು ವೈನರಿಗಳ ಮಳಿಗೆಗಳು ಒಂದೇ ಕಡೆ ಸಿಗುತ್ತವೆ.

ಹಾಗಾದರೆ ಎಲ್ಲಿಗೆ? ವೈನ್ ಎಂದರೇನು ಎಂದು ಮೊದಲ ಸಲ ತಿಳಿಯಬೇಕು ಎನ್ನುವವರನ್ನು ನಾನು ನಂದಿಗೇ ಕಳಿಸುತ್ತೇನೆ. ಗೆಳೆಯರ ದೊಡ್ಡ ಗುಂಪು, ರಜೆ, ಕೈಯಲ್ಲಿ ದುಡ್ಡು ಇದ್ದರೆ ಫೆಬ್ರವರಿಯ ನಾಸಿಕ್. ಅಲ್ಲಿಗೆ ಹೋದರೂ ಹಬ್ಬದ ಮುಂಚಿನ ದಿನವೇ ತಲುಪಿ ರುಚಿ ಕೊಠಡಿಯ ಕೆಲಸ ಮುಗಿಸಿಕೊಳ್ಳಿ. ಮೈಸೂರಿಗೆ ಹೇಗಿದ್ದರೂ ಹೋಗುವವರು ಚನ್ನಪಟ್ಟಣದಲ್ಲಿ ಇಳಿಯಿರಿ. ಎಲ್ಲ ಕಡೆಯೂ 21 ತುಂಬಿದವರಿಗಷ್ಟೇ ವೈನ್, ವಾರಾಂತ್ಯಕ್ಕೆ ಮುಂಗಡ ಕಾಯ್ದಿರಿಸದೆ ಹೋಗಬೇಡಿ, ಬಿಸಿಲಿಗೆ ಟೋಪಿ ಇರಲಿ. ಗುಟುಕು ಚಿಕ್ಕದೆಂದು ಓಡಿಸುವವರೂ ರುಚಿ ನೋಡಲು ಕೂರುವುದು ಬೇಡ. ಐದಾರು ಗ್ಲಾಸಿನ ಗುಟುಕುಗಳು ಸೇರಿದರೆ ಒಂದು ಪೂರ್ತಿ ಗ್ಲಾಸಾಗುತ್ತದೆ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ನಾಚಿಕೆಯಿಂದ ಯಾರೂ ಮುಟ್ಟುವುದಿಲ್ಲ.

ಬಾಟಲಿ ಕೊಳ್ಳುವುದಿದ್ದರೆ ಹೊರಡುವ ಹೊತ್ತಿಗೆ ಕೊಳ್ಳಿ. ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ವೈನ್ ಬೆಂದುಹೋಗುತ್ತದೆ, ಆಮೇಲೆ ಫ್ರಿಜ್ಜಿನಲ್ಲಿ ಎಷ್ಟು ದಿನ ಇಟ್ಟರೂ ಸರಿಹೋಗುವುದಿಲ್ಲ. ಶೆನಿನ್ ಮತ್ತು ರೋಸೆಯನ್ನು ಆ ವರ್ಷವೇ ಮುಗಿಸಿ. ಓಕ್ ಕಂಡ ಕೆಂಪು ವೈನ್ ಒಂದೆರಡು ವರ್ಷ ಕಾಯಬಲ್ಲದು, ತಂಪಾದ ಕತ್ತಲೆ ಮೂಲೆ ಸಿಕ್ಕರೆ.