ಕನ್ನಡ ಸಬ್ಜೆಕ್ಟ್ ಸಾಲಿಗೆ ಪೈಥಾನ್‌ನ ಇಮೇಲ್‌ಮೆಸೇಜ್ ಎಷ್ಟು ಗಟ್ಟಿ?

ಪ್ರೋಗ್ರಾಂನಿಂದ ಕನ್ನಡ ಸಬ್ಜೆಕ್ಟ್ ಇರುವ ಮೇಲ್ ಕಳಿಸಬೇಕಾದವರು ಕಣ್ಣುಮುಚ್ಚಿ ಬಳಸಬಹುದಾದದ್ದು ಪೈಥಾನ್ 3.6ರಿಂದ ಸ್ಥಿರಗೊಂಡ ಇಮೇಲ್‌ಮೆಸೇಜ್ ಕ್ಲಾಸ್. ಸಬ್ಜೆಕ್ಟ್‌ಗೆ ಕನ್ನಡವನ್ನು ಹಾಗೇ ಕೊಟ್ಟರಾಯಿತು, ಅದನ್ನು ಮೇಲ್‌ಗೆ ಒಗ್ಗುವ ರೂಪಕ್ಕೆ ತರುವುದು, ಅಂದರೆ ಎನ್‌ಕೋಡಿಂಗ್, ಅದರ ಜವಾಬ್ದಾರಿ.

ಈ ಕೆಲಸ ಕಂಡಷ್ಟು ಸಲೀಸಲ್ಲ. 1996ರ ಆರ್‌ಎಫ್‌ಸಿ 2047 ಎಂಬ ಇಂಟರ್ನೆಟ್ ನಿಯಮಾವಳಿಯ ಪ್ರಕಾರ ಆಸ್ಕಿಯಲ್ಲದ (ಇಂಗ್ಲಿಷ್ ಅಕ್ಷರ, ಅಂಕಿ, ಸಾಮಾನ್ಯ ಚಿಹ್ನೆ ಬಿಟ್ಟು ಬೇರೆಯ) ಪಠ್ಯವನ್ನು ತುಣುಕು ಮಾಡಿ ಎನ್‌ಕೋಡ್ ಮಾಡಬೇಕು, ಒಂದು ತುಣುಕು 75 ಅಕ್ಷರ ಮೀರಬಾರದು. ಪಠ್ಯವನ್ನು ಬೈಟ್‌ಗಳಾಗಿಸುವ ಪದ್ಧತಿಯಾದ ಯುಟಿಎಫ್-8ರ ಹೆಸರು ಮತ್ತು ಗುರುತುಗಳಿಗೇ 12 ಹೋಗುತ್ತದೆ. ಕನ್ನಡದ ಒಂದು ಕೋಡ್‌ಪಾಯಿಂಟ್ (ಯುನಿಕೋಡ್‌ನಲ್ಲಿ ಪ್ರತ್ಯೇಕ ಸಂಖ್ಯೆ ಪಡೆದ ಒಂದು ಅಕ್ಷರ ಅಥವಾ ಚಿಹ್ನೆ) 3 ಬೈಟ್, ಬೈಟ್‌ಗಳನ್ನು ಆಸ್ಕಿ ಅಕ್ಷರಗಳಲ್ಲಿ ಬರೆಯುವ ಬೇಸ್64ರಲ್ಲಿ 4 ಅಕ್ಷರ. ಹಾಗಾಗಿ ತುಣುಕಿಗೆ 15 ಕೋಡ್‌ಪಾಯಿಂಟ್ ಅಷ್ಟೇ. ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ (್) ಲೆಕ್ಕಕ್ಕೆ ಬರುವುದರಿಂದ ‘ಕನ್ನಡ’ ಅಂದರೆ ಐದು. ಬೈಟ್ ಎಣಿಸಿ ಕೈಯಾರೆ ಕತ್ತರಿಸಿದರೆ, ನಡುವೆ ಒಂದೇ ಒಂದು ಸ್ಪೇಸ್ ಬಂದರೂ ಗಡಿ ಜಾರಿ ಅಕ್ಷರ ಸೀಳುತ್ತದೆ. ಆ ಜಾಗದಲ್ಲಿ ಓದುವವರಿಗೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕಾಣುತ್ತದೆ. ಇಮೇಲ್‌ಮೆಸೇಜ್ ಕೋಡ್‌ಪಾಯಿಂಟ್ ಗಡಿಯಲ್ಲೇ ಮುರಿಯುತ್ತದೆ. ಫ್ರೆಂಚ್ ಹೆಸರಿನಂತೆ ಒಂದೆರಡು ಅಕ್ಷರ ಮಾತ್ರ ಬೇರೆಯಿದ್ದರೆ ಬೇಸ್64 ಬಿಟ್ಟು, ಇಂಗ್ಲಿಷ್ ಅಕ್ಷರಗಳನ್ನು ಹಾಗೇ ಉಳಿಸುವ ಕ್ಯೂ ಎನ್‌ಕೋಡಿಂಗ್ ಹಿಡಿಯುತ್ತದೆ, ಅದೂ ಸರಿಯೇ.

ಕಳಿಸಿದ್ದನ್ನು ಪರೀಕ್ಷಿಸಲು ಮೇಲ್‌ನ ಮೂಲ ರೂಪ ತೆರೆದು ನೋಡಿ. ಸಬ್ಜೆಕ್ಟ್ ಕನ್ನಡ ಅಕ್ಷರದಿಂದ ಶುರುವಾದರೆ ಎನ್‌ಕೋಡ್ ಆದ ಪಠ್ಯ, ಮೊದಲಿನ ಗುರುತುಗಳನ್ನು ಬಿಟ್ಟು, ‘4ಎಲ್‌ಕೆ’ ಅಥವಾ ‘4ಎಲ್‌ಓ’ ಎಂದೇ ಆರಂಭವಾಗುತ್ತದೆ. ಬೇರೇನಾದರೂ ಕಂಡರೆ ಪಠ್ಯ ಅದಕ್ಕೂ ಮೊದಲೇ, ಬಹುಶಃ ಡೇಟಾಬೇಸ್‌ನಿಂದ ಬರುವಾಗಲೇ, ಕೆಟ್ಟಿದೆ.

ಕೊರತೆಯಿರುವುದು ಡೀಫಾಲ್ಟ್‌ಗಳಲ್ಲಿ. ಬಂದ ಮೇಲ್ ಓದುವ ಫಂಕ್ಷನ್‌ಗಳು ಈಗಲೂ ಕಂಪ್ಯಾಟ್32 ಎಂಬ ಹಳೆಯ ಪಾಲಿಸಿಯನ್ನೇ (ಮೇಲ್ ಅನ್ನು ಹೇಗೆ ನಿಭಾಯಿಸಬೇಕೆಂಬ ನಿಯಮಗಳ ಗುಂಪು) ಹಿಡಿಯುತ್ತವೆ. ಸಬ್ಜೆಕ್ಟ್ ಡಿಕೋಡ್ ಆಗದೆ ಕೈಗೆ ಬರುತ್ತದೆ. ಡೀಫಾಲ್ಟ್ ಎಂಬ ಹೆಸರಿನ ಪಾಲಿಸಿಯನ್ನು ನೀವೇ ಕೊಡಬೇಕು. ಹೊಸಬರು ಎಡವುವುದು ಇಲ್ಲೇ, ದಾಖಲೆ ಇದನ್ನು ಇನ್ನೂ ಎದ್ದು ಕಾಣುವಂತೆ ಹೇಳಬೇಕಿತ್ತು.

ಫ್ರಮ್ ಸಾಲಿಗೆ ಅಡ್ರೆಸ್ ಕ್ಲಾಸ್ ಬಳಸಿ, ಹೆಸರು ಮತ್ತು ವಿಳಾಸ ಬೇರೆಬೇರೆ ಕೊಡಿ. ಹಳೆಯ ಹೆಡರ್ ಕ್ಲಾಸ್‌ಗೆ ಎರಡನ್ನೂ ಒಟ್ಟಿಗೆ ತುರುಕಿದರೆ ವಿಳಾಸವೂ ಎನ್‌ಕೋಡ್ ಆಗಿ ಮೇಲ್ ತಿರಸ್ಕೃತವಾಗಬಹುದು.

ಅಟ್ಯಾಚ್‌ಮೆಂಟ್‌ನ ಕನ್ನಡ ಹೆಸರು ಆರ್‌ಎಫ್‌ಸಿ 2231 ಎಂಬ ಬೇರೊಂದು ನಿಯಮಾವಳಿಯಂತೆ ಹೋಗುತ್ತದೆ. ಅದನ್ನು ಅರಿಯದ ಹಳೆಯ ಮೇಲ್ ತಂತ್ರಾಂಶದವರಿಗೆ ಕಳಿಸುವುದಾದರೆ ಫೈಲ್ ಹೆಸರು ಇಂಗ್ಲಿಷ್‌ನಲ್ಲೇ ಇರಲಿ.

ವಿಳಾಸದಲ್ಲಿ ‘@’ ಚಿಹ್ನೆಯ ಎಡಕ್ಕೇ ಕನ್ನಡವಿದ್ದರೆ ಇಂಥ ಎನ್‌ಕೋಡಿಂಗ್ ನಡೆಯದು, ಸರ್ವರ್‌ಗೆ ಆಸ್ಕಿಯಲ್ಲದ ವಿಳಾಸಗಳನ್ನು ಒಪ್ಪುವ ಎಸ್‌ಎಂಟಿಪಿಯುಟಿಎಫ್8 ಎಂಬ ವಿಸ್ತರಣೆಯ ಬೆಂಬಲ ಬೇಕು. ಅದಿಲ್ಲದಿದ್ದರೆ ಪೈಥಾನ್‌ನ ಸೆಂಡ್‌ಮೆಸೇಜ್ ಕಳಿಸದೆ ದೋಷ ತೋರಿಸಿ ನಿಲ್ಲುತ್ತದೆ.