ಹಳೆ ಲಾರಿಗೆ ಚಿಪ್ ಹಾಕಿಸುವವರೇ, ಸ್ವಲ್ಪ ತಡೀರಿ

ಲಾರಿಯ ಪವರ್, ಮೈಲೇಜ್ ಹೆಚ್ಚಿಸುವ "ಚಿಪ್" ಅಂತ ಮಾರುವ, ಮೂರು ಲೈಟ್ ಮಿನುಗುವ ಒಂದು ಕಪ್ಪು ಡಬ್ಬಿಗೆ ನಾನು 14 ಸಾವಿರ ರೂಪಾಯಿ ಕೊಟ್ಟಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಬರೆಯಲು ಕೈ ಓಡುವುದಿಲ್ಲ. ಇನ್ನೂ ನಾಚಿಕೆಯ ಮಾತು ಅಂದರೆ ನಾನು ಐಟಿಐ ಎಲೆಕ್ಟ್ರಿಷಿಯನ್. ಊರಲ್ಲಿ ಯಾರ ಬೋರ್‌ವೆಲ್ ಮೋಟಾರ್ ಸುಟ್ಟರೂ ನನ್ನನ್ನೇ ಕರೆಯುತ್ತಾರೆ. ಅಂಥವನು ನಮ್ಮದೇ ಲಾರಿಯಲ್ಲಿ ಆ ಡಬ್ಬಿಯ ವೈರ್ ಎಲ್ಲಿಗೆ ಹೋಗಿದೆ ಅಂತ ಬಗ್ಗಿ ನೋಡಲಿಲ್ಲ.

ಗಾಡಿ ಟಾಟಾ 1613, 2006ರ ಮಾಡೆಲ್, ಕೆಎ-32 ಪಾಸಿಂಗ್. ಅಪ್ಪ ತಗೊಂಡಿದ್ದು. ಆರು ಸಿಲಿಂಡರ್, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ, ಸಿಲಿಂಡರ್‌ಗಳಿಗೆ ಡೀಸೆಲ್ ಅಳೆದು ಕೊಡುವ ಮೈಕೋ (ಈಗಿನ ಬಾಷ್) ಇನ್‌ಲೈನ್ ಪಂಪ್. ಹೆಸರಲ್ಲೇ ಲೆಕ್ಕ ಇದೆ ಅಲ್ವಾ, 16 ಟನ್ನಿನ ಗಾಡಿ, 130 ಹಾರ್ಸ್ ಪವರ್. ಶಹಾಬಾದ್ ಕಡೆಯಿಂದ ಹೈದರಾಬಾದಿಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಹೊಡೆಯುತ್ತೇವೆ, ಸೀಸನ್‌ನಲ್ಲಿ ತೊಗರಿ. ಲೋಡ್ ಇದ್ದಾಗ ಲೀಟರ್‌ಗೆ ನಾಲ್ಕು, ನಾಲ್ಕೂವರೆ ಕಿಲೋಮೀಟರ್. ಹುಮನಾಬಾದ್ ರೋಡಿನ ಏರಿನಲ್ಲಿ ಹೊಸ ಗಾಡಿಗಳು ಹಾರ್ನ್ ಹೊಡೆದು ದಾಟಿ ಹೋಗುತ್ತವೆ. ನಮ್ಮದು ಎರಡನೇ ಗೇರಿನಲ್ಲಿ ಅಳುತ್ತಾ ಏರುತ್ತದೆ. ನನ್ನ ಹೊಟ್ಟೆಕಿಚ್ಚು ಶುರುವಾಗಿದ್ದು ಅಲ್ಲಿಂದ.

ಕಲಬುರಗಿ ರಿಂಗ್ ರೋಡಿನ ಹತ್ತಿರ ಒಂದು ಗ್ಯಾರೇಜ್. ಹೆಸರು ಬರೆಯುವುದಿಲ್ಲ. ಪರಿಚಯದವರೊಬ್ಬರು ಕರೆದುಕೊಂಡು ಹೋದರು. ಅವರಿಗೆ ಎಷ್ಟು ಕಮಿಷನ್ ಬಂತೋ, ಅದು ಆಮೇಲೆ ಹೊಳೆಯಿತು. ಗ್ಯಾರೇಜಿನವನು ಚಹಾ ತರಿಸಿದ. ಮೊಬೈಲಿನಲ್ಲಿ ಅಮೆರಿಕಾದ ಡಾಡ್ಜ್ ರ‍್ಯಾಮ್ ಪಿಕಪ್‌ಗಳ ವಿಡಿಯೊ ತೋರಿಸಿದ. ಕರಿ ಹೊಗೆ ಉಗುಳುತ್ತಾ ಗುಂಡಿನಂತೆ ಓಡುವ ಗಾಡಿಗಳು. "ಇದೂ ಹಳೆ ಡೀಸೆಲ್ಲೇ ರೀ, ಇದರಾಗೂ ನಿಮ್ಮಂಗೇ ಬಾಷ್ ಇನ್‌ಲೈನ್ ಪಂಪ್" ಅಂದ. ಅದು ಸುಳ್ಳಲ್ಲ. 1994ರಿಂದ 98ರವರೆಗಿನ ಆ ಪಿಕಪ್‌ಗಳ 5.9 ಲೀಟರ್ ಕಮಿನ್ಸ್ ಎಂಜಿನ್‌ಗೆ ಬಾಷ್ ಇನ್‌ಲೈನ್ ಪಂಪೇ ಇತ್ತು. ಒಂದು ನಿಜ ಹೇಳಿ ಒಂಬತ್ತು ಸುಳ್ಳು ಮಾರುವುದು ಅಂದರೆ ಇದೇ. ಆ ಜನ ಪಂಪ್ ಮುಟ್ಟುವ ಮುಂಚೆ ಎಕ್ಸಾಸ್ಟ್‌ನಲ್ಲಿ ಶಾಖ ಅಳೆಯುವ ಮೀಟರ್ ಕೂರಿಸುತ್ತಾರೆ, ಮುಳ್ಳು 700 ಡಿಗ್ರಿ ಹತ್ತಿರ ಬಂದರೆ ಎಕ್ಸಲರೇಟರ್‌ನಿಂದ ಕಾಲು ತೆಗೆಯುತ್ತಾರೆ. ಅದನ್ನು ನಾನು ತಿಳಿದುಕೊಂಡಿದ್ದು ಎಂಜಿನ್ ಹೋದ ಮೇಲೆ. ಅವರು ಅದರಲ್ಲಿ ಫರ್ಸಿನೂ ಹೊಡೆಯುವುದಿಲ್ಲ.

ಲೆಕ್ಕ ಹೀಗಿತ್ತು. ಚಿಪ್ 14 ಸಾವಿರ. ಪಂಪ್ ಟ್ಯೂನಿಂಗ್ 12 ಸಾವಿರ. "ಹೊಸ ದೊಡ್ಡ ಟರ್ಬೊ" 26 ಸಾವಿರ. ಒಟ್ಟು 52. ಬಿಲ್ ಕೇಳಿದೆ. "ಬಿಲ್ ಬೇಕಂದ್ರ ಜಿಎಸ್‌ಟಿ ಕೂಡಸ್ತೀನ್ರಿ, ನಿಮಗೇ ಲುಕ್ಸಾನ್" ಅಂದ. ನಾನು ಜಾಣನಂತೆ ಬೇಡ ಅಂದೆ. ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದ ಲೆಕ್ಕವೇ ನನ್ನ ರಸೀದಿ.

ಎರಡು ದಿನ ಬಿಟ್ಟು ಟೆಸ್ಟ್. ಟ್ಯಾಂಕ್ ಫುಲ್ ಮಾಡಿಸಿ, ಮಹಾಗಾಂವ್ ಕ್ರಾಸ್‌ವರೆಗೆ ಹೋಗಿ ಬಂದು, ಮತ್ತೆ ಫುಲ್ ಮಾಡಿಸಿದ. ಲೀಟರ್‌ಗೆ 6.2 ಬಂತು. ನಾನು ಕುಣಿಯುವುದೊಂದು ಬಾಕಿ. ಗಾಡಿ ಖಾಲಿ ಇತ್ತು ರೀ! ಖಾಲಿ! ಖಾಲಿ ಗಾಡಿ ಜಾಸ್ತಿ ಕೊಡುತ್ತದೆ ಅಂತ ಕ್ಲೀನರ್ ಹುಡುಗನಿಗೂ ಗೊತ್ತು, ನನಗೂ ಗೊತ್ತು. ಆದರೂ ಆ ಹೊತ್ತಿಗೆ ತಲೆಗೆ ಬರಲಿಲ್ಲ. ಗಾಡಿಗೆ ಪಿಕಪ್, ಅಂದರೆ ಎಳೆಯುವ ಜೋರು, ನಿಜವಾಗಿ ಬಂದಿತ್ತಲ್ಲ, ಅದರಲ್ಲೇ ಮೈಮರೆತೆ. ಎರಡನೇ ಗೇರಿನ ಏರನ್ನು ಮೂರರಲ್ಲಿ ಹತ್ತಿತು. ಹತ್ತು ದಿನ ನಾನೇ ಅವನ ಏಜೆಂಟ್ ಆಗಿದ್ದೆ. ಲೋಡಿಂಗ್ ಪಾಯಿಂಟಿನಲ್ಲಿ ಇಬ್ಬರಿಗೆ ನಂಬರ್ ಕೊಟ್ಟೆ. ಅವರಲ್ಲಿ ಒಬ್ಬರು ಇವತ್ತಿಗೂ ನನ್ನ ಫೋನ್ ಎತ್ತುವುದಿಲ್ಲ.

ಮೊದಲು ಹೇಳಿದ್ದು ನಮ್ಮ ಡ್ರೈವರ್ ಕಾಕಾ. "ಕರಿ ಹೊಗಿ ಭಾಳ ಬಿಡ್ಲತ್ತದ. ಏರಿನಾಗ ಟೆಂಪರೇಚರ್ ಮುಳ್ಳು ನಿಲ್ವಲ್ದು." ಗ್ಯಾರೇಜಿಗೆ ಫೋನ್ ಮಾಡಿದೆ. "ಹೊಗಿ ಅಂದ್ರ ಪವರ್ ರೀ. ಎರಡು ಸಾವಿರ ಕಿಲೋಮೀಟರ್ ಓಡ್ಲಿ, ಚಿಪ್ ಸೆಟ್ ಆಗ್ತದ." ಚಿಪ್ ಸೆಟ್ ಆಗುತ್ತದಂತೆ! ಮೊಸರು ಹೆಪ್ಪಾದ ಹಾಗೆ!

ಅಷ್ಟರಲ್ಲಿ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬಂತು. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಮಾಡಿಸಲೇಬೇಕಲ್ಲ. ಹೊಗೆ ಟೆಸ್ಟಿಗೆ ಹೋದರೆ ಫೇಲ್. ಬಿಎಸ್-4 ಅನ್ನುವ ಹೊಗೆ ನಿಯಮಕ್ಕಿಂತ ಹಳೆಯ ನಮ್ಮಂಥ ಡೀಸೆಲ್ ಗಾಡಿಗೆ ಮಿತಿ 65 ಹಾರ್ಟ್‌ರಿಜ್ ಯೂನಿಟ್, ಅದು ಹೊಗೆ ಎಷ್ಟು ದಟ್ಟ ಅಂತ ಅಳೆಯುವ ಲೆಕ್ಕ. ನಮ್ಮದು 88. ಟೆಸ್ಟ್ ಮಾಡುವ ಹುಡುಗ ಮೂಗು ಮುಚ್ಚಿಕೊಂಡು "ಏನ್ ಕಲಸಿ ಹಾಕೀರಿ ಅಣ್ಣ ಡೀಸೆಲ್‌ನಾಗ?" ಅಂದ.

ಬಾಡಿಗೆ ಒಪ್ಪಿಕೊಂಡಾಗಿತ್ತು. ಒಂದು ಟ್ರಿಪ್ ಮುಗಿಸಿ ಗ್ಯಾರೇಜಿಗೆ ಬಿಡೋಣ ಅಂದುಕೊಂಡೆ. ಏಪ್ರಿಲ್ ಕೊನೆ, ನಮ್ಮ ಕಲಬುರಗಿ ಬಿಸಿಲು ನಿಮಗೆ ಹೇಳಬೇಕಾ? ಮಧ್ಯಾಹ್ನ ಎರಡು ಗಂಟೆ, ಮೈತುಂಬ ಫರ್ಸಿ. ಎಷ್ಟು ಟನ್ ಅಂತ ಕೇಳಬೇಡಿ. ಕಮಲಾಪುರ ದಾಟಿದ ಮೇಲೆ ಏರಿನಲ್ಲಿ ಟಕಟಕ ಸದ್ದು ಬಂತಂತೆ, ಆಮೇಲೆ ಬಿಳಿ ಹೊಗೆ, ಆಮೇಲೆ ಏನೂ ಇಲ್ಲ. ಕಾಕಾ ಟೈರಿಗೆ ಫರ್ಸಿ ತುಂಡು ಕೊಟ್ಟು ಫೋನ್ ಮಾಡಿದರು. "ಗಾಡಿ ಕುಂತದ" ಅಂತ ಎರಡೇ ಮಾತು.

ಹೆಡ್ ಬಿಚ್ಚಿದಾಗ ಮೂರು ಮತ್ತು ಐದನೇ ಪಿಸ್ಟನ್ನಿನ ತಲೆ ಮೇಣದಬತ್ತಿಯ ಹಾಗೆ ಕರಗಿತ್ತು. ಲೈನರ್ ಗೀರಿತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. "ಹೊಸ" ಟರ್ಬೊದ ಶಾಫ್ಟ್ ಬೆರಳಲ್ಲಿ ಹಿಡಿದರೆ ಅಲ್ಲಾಡುತ್ತಿತ್ತು. ಅದರ ನಂಬರ್ ಪ್ಲೇಟನ್ನು ಉಜ್ಜಿ ಅಳಿಸಿ ಮೇಲೆ ಬೆಳ್ಳಿ ಬಣ್ಣ ಹೊಡೆದಿದ್ದರು. ಹಳೇದು, ಯಾವುದೋ ಗಾಡಿಯದು.

ಎಂಜಿನ್ ಬಿಚ್ಚಿದ ಮೆಕ್ಯಾನಿಕ್ ಪಂಪನ್ನೂ ಬಿಚ್ಚಿ ನನ್ನ ಕೈಗೆ ಕೊಟ್ಟು, ಡೀಸೆಲ್ ಪಂಪ್ ರಿಪೇರಿ ಮಾಡುವ ಪಂಪ್ ರೂಮಿಗೆ ಕಳಿಸಿದ. ಅಲ್ಲಿಯ ಅಜ್ಜ ಅದನ್ನು ಟೇಬಲ್ ಮೇಲೆ ಇಟ್ಟು, ಕನ್ನಡಕ ಮೇಲೇರಿಸಿ, ಮೊದಲು ಕೇಳಿದ್ದು ಒಂದೇ. "ಸೀಸದ ಸೀಲ್ ಯಾರ್ ಮುರದ್ರು?"

ಆ ಸೀಲ್ ಇರುವ ಜಾಗದಲ್ಲಿ ಡೀಸೆಲ್ ಎಷ್ಟು ಹೋಗಬೇಕು ಅಂತ ನಿಲ್ಲಿಸುವ ಸ್ಕ್ರೂ ಇರುತ್ತದೆ. ಅದನ್ನು ಗಾಡಿಯ ಮೇಲೆ ಇದ್ದ ಹಾಗೇ, ಪಾನಾ ಹಾಕಿ ತಿರುಗಿಸಿದ್ದರು. ಅದೇ 12 ಸಾವಿರದ ಟ್ಯೂನಿಂಗ್. ಅಜ್ಜ ಪಂಪನ್ನು ಟೆಸ್ಟ್ ಮಾಡುವ ಬೆಂಚಿಗೆ ಏರಿಸಿ ಓಡಿಸಿದ. ಮುಂದೆ ಆರು ಗಾಜಿನ ನಳಿಗೆ. ಆರರಲ್ಲೂ ಒಂದೇ ಮಟ್ಟಕ್ಕೆ ಎಣ್ಣೆ ನಿಲ್ಲಬೇಕು. ನಿಂತಿದ್ದು ಮೆಟ್ಟಿಲಿನ ಹಾಗೆ. ಎಲ್ಲವೂ ಲೆಕ್ಕಕ್ಕಿಂತ ಮೇಲೆ, ಮೂರು ಮತ್ತು ಐದು ಎಲ್ಲಕ್ಕಿಂತ ಮೇಲೆ. ಯಾವ ಪಿಸ್ಟನ್ ಕರಗಿತ್ತೋ ಅವೇ ಎರಡು. ಡೀಸೆಲ್ ಹೆಚ್ಚಿಸಿದ್ದಾರೆ, ಅದಕ್ಕೆ ತಕ್ಕ ಗಾಳಿ ಕೊಡುವ ತಾಕತ್ತು ಆ ಸತ್ತ ಟರ್ಬೊಗೆ ಇಲ್ಲ. ಉರಿಯದೆ ಉಳಿದದ್ದು ಕರಿ ಹೊಗೆ, ಉರಿದದ್ದರ ಶಾಖ ಪಿಸ್ಟನ್ನಿಗೆ. ಅಲ್ಯೂಮಿನಿಯಂ ಕರಗುವುದಕ್ಕೆ 660 ಡಿಗ್ರಿ ಸಾಕು.

"ಮತ್ತ ಚಿಪ್ ಹಾಕ್ಸೀನಲ್ರಿ ಅಜ್ಜ" ಅಂದೆ. ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ. ಅಜ್ಜ ನಗಲಿಲ್ಲ, ಅದೇ ಕಷ್ಟ. "ಚಿಪ್ಪು ಯಾವುದಕ್ ಹಾಕ್ಸೀದಿ ತಮ್ಮಾ? ಇದರಾಗ ಕಂಪ್ಯೂಟರ್ ಎಲ್ಯದ? ಇದು ಕಬ್ಬಿಣ, ಸ್ಪ್ರಿಂಗು. ಅಷ್ಟೇ."

ಅಲ್ಲಿಂದ ಸೀದಾ ಗಾಡಿಯ ಹತ್ತಿರ ಹೋದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೂತು ಕಪ್ಪು ಟೇಪ್ ಬಿಚ್ಚುತ್ತಾ ಹೋದೆ. ಡಬ್ಬಿಯಿಂದ ನಾಲ್ಕು ವೈರ್ ಬಂದಿದ್ದವು. ಕೆಂಪು ಬ್ಯಾಟರಿಗೆ. ಕಪ್ಪು ಬಾಡಿ ಅರ್ಥ್‌ಗೆ. ಹಳದಿ ಮತ್ತು ನೀಲಿ ಎಂಜಿನ್ ಕಡೆಗೆ ಹೋಗಿದ್ದವು, ಮೇಲೆ ಚೆಂದದ ಪೈಪ್ ತೊಡಿಸಿದ್ದರು. ಒಂದೂವರೆ ಮೀಟರ್ ಟೇಪ್ ಬಿಚ್ಚಿದ ಮೇಲೆ ಎರಡೂ ಮುಗಿದವು. ಸುಮ್ನೆ ಕತ್ತರಿಸಿ, ತುದಿ ಮಡಚಿ, ಟೇಪ್ ಸುತ್ತಿ ಬಿಟ್ಟಿದ್ದರು. ಎಲ್ಲಿಗೂ ಹೋಗಿರಲಿಲ್ಲ. ನಾನು ದಿನಾ ಮಾಡುವ ಕೆಲಸ ಇದು, ವೈರ್ ಎಲ್ಲಿಂದ ಎಲ್ಲಿಗೆ ಅಂತ ಹುಡುಕುವುದು! ಆ ಎರಡು ತುದಿ ಕೈಯಲ್ಲಿ ಹಿಡಿದು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮೇಲೆ ಮೂರು ಲೈಟ್ ಮಿನುಗುತ್ತಲೇ ಇದ್ದವು.

ಕಾಮನ್ ರೈಲ್ ಎಂಜಿನ್, ಇಸಿಯು (ಡೀಸೆಲ್ ಎಷ್ಟು ಹೋಗಬೇಕು ಅಂತ ಹೇಳುವ ಕಂಪ್ಯೂಟರ್) ಇರುವ ಗಾಡಿಗಳಿಗೆ ರೀಮ್ಯಾಪ್, ಅಂದರೆ ಆ ಕಂಪ್ಯೂಟರಿನ ಲೆಕ್ಕ ಬದಲಿಸುವುದು, ನಿಜವಾದ ಕೆಲಸವೇ. ಆ ಮಾತನ್ನು ತಂದು ನಮ್ಮ ಕಬ್ಬಿಣದ ಪಂಪಿಗೆ ಅಂಟಿಸಿ ಮಾರುತ್ತಿದ್ದಾರೆ.

ಈಗ ಆ ಗ್ಯಾರೇಜಿನವನ ಉತ್ತರಗಳನ್ನು ಕೇಳಿ. ಕರಗಿದ ಪಿಸ್ಟನ್ ಫೋಟೊ ಕಳಿಸಿದೆ. ನೀಲಿ ಟಿಕ್ ಬಂತು, ಎರಡು ದಿನ ಮಾತಿಲ್ಲ. ಮೂರನೇ ದಿನ: "ಡ್ರೈವರ್ ಮಿಸ್ಟೇಕ್." ಕಾಕಾ ಮೂವತ್ತು ವರ್ಷದಿಂದ ಸ್ಟೀರಿಂಗ್ ಹಿಡಿದವರು ಅಂದೆ. "ಡೀಸೆಲ್ ಕಲಬೆರಕಿ ಇರಬೇಕು." ಒಂದೇ ಬಂಕಿನಲ್ಲಿ ಹಾಕಿಸುವುದು ಅಂದೆ. "ಗಾಡಿನೇ ಹಳೇದು ರೀ, 2006ರದು." ದುಡ್ಡು ಎಣಿಸಿಕೊಳ್ಳುವಾಗ ಅದು 2006ರದು ಆಗಿರಲಿಲ್ಲವಾ? ನೇರವಾಗಿ ಹೋದೆ. ಈ ಸಲ ಚಹಾ ಇಲ್ಲ. ಕತ್ತರಿಸಿದ ವೈರ್ ತೋರಿಸಿದರೆ ಸ್ವಲ್ಪವೂ ಮುಖ ಕೆಡಿಸಿಕೊಳ್ಳದೆ "ಅದು ವೈರ್‌ಲೆಸ್ ಮಾಡೆಲ್" ಅಂದ. ದೇವರಾಣೆ ಹಾಗೇ ಅಂದ. ಆಮೇಲೆ, "ಚಿಪ್ಪಿಗೆ ಒಂದ್ ವರ್ಷ ಗ್ಯಾರಂಟಿ ಅದ. ಲೈಟ್ ಬರ್ಲಿಲ್ಲಂದ್ರ ತರ್ರಿ, ಬದಲಿ ಕೊಡ್ತೀನಿ. ಎಂಜಿನ್ ಗ್ಯಾರಂಟಿ ನಾ ಎಂದ್ ಕೊಟ್ಟೀನಿ?"

ಕಂಪ್ಲೇಂಟ್ ಕೊಡುತ್ತೇನೆ ಅಂದೆ. "ಕೊಡ್ರಿ. ಗಾಡಿ ಮಾಲೀಕರು ಯಾರು? ನೀವೇ ಅಲ್ಲ?" ಅಂತ ನಕ್ಕ. ಮನೆಗೆ ಬಂದು ಓದಿದ ಮೇಲೆ ಆ ನಗು ಅರ್ಥವಾಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟಿದ್ದನ್ನು ನಮಗೆ ಬೇಕಾದ ಹಾಗೆ ಬದಲಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದು ಮಾಲೀಕನಿಗೆ. ಅಂದರೆ ನನಗೆ. ಅವನಿಗೆ ಇದು ಬಾಯಿಪಾಠ ಇತ್ತು, ನನಗೆ ಗೊತ್ತಿರಲಿಲ್ಲ. ನನ್ನ ಹತ್ತಿರ ಬಿಲ್ ಕೂಡ ಇಲ್ಲ.

ಎಂಜಿನ್ ಕೆಲಸಕ್ಕೆ 1,31,000 ಆಯಿತು. ಗಾಡಿ 23 ದಿನ ನಿಂತಿತು. ಅಪ್ಪ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಿಮಗೂ ಹಳೆ ಗಾಡಿ ಇದ್ದರೆ, ಎಳೆಯುತ್ತಿಲ್ಲ ಅನಿಸಿದರೆ, ಮೊದಲು ಪಂಪ್ ರೂಮಿಗೆ ಹೋಗಿ. ಪಂಪ್ ಬೆಂಚ್ ಮೇಲೆ ಏರಲಿ, ನಾಜಲ್ ಚೆಕ್ ಆಗಲಿ, ಟ್ಯಾಪೆಟ್ ಸೆಟ್ ಮಾಡಿಸಿ, ಏರ್ ಫಿಲ್ಟರ್ ಬದಲಿಸಿ, ಟರ್ಬೊ ಹೋಸ್ ಎಲ್ಲಾದರೂ ಸೀಳಿದೆಯಾ ನೋಡಿ. ನಮ್ಮ ಗಾಡಿಗೆ ಮೊದಲು ಬೇಕಾಗಿದ್ದದ್ದು ಇಷ್ಟೇ ಅಂತ ಅಜ್ಜ ಹೇಳಿದ. ಗಾಡಿಯ ಮೇಲೆ ಇದ್ದ ಹಾಗೇ ಸೀಲ್ ಮುಟ್ಟಲು ಬಂದವನ ಕೈಯಿಂದ ಪಾನಾ ಕಸಿದುಕೊಳ್ಳಿ. ಮೈಲೇಜ್ ಟೆಸ್ಟ್ ಅಂದರೆ ಲೋಡ್ ಹಾಕಿಯೇ ಮಾಡಿಸಿ. ಬಿಲ್ ಇಲ್ಲ ಅಂದರೆ ಎದ್ದು ಬನ್ನಿ, ಚಹಾ ಅರ್ಧ ಕುಡಿದಿದ್ದರೂ.

ಅಜ್ಜ ಪಂಪ್ ಕಟ್ಟಿ ಸೀಲ್ ಒತ್ತಿ ಕೊಟ್ಟ ಮೇಲೆ ಗಾಡಿ ಮತ್ತೆ ನಾಲ್ಕೂವರೆ ಕೊಡುತ್ತಿದೆ. ಹೊಗೆ ಟೆಸ್ಟ್ ಪಾಸ್ ಆಯಿತು. ಏರಿನಲ್ಲಿ ಎರಡನೇ ಗೇರ್.

ಇದನ್ನು ಬರೆಯುವ ಮನಸ್ಸು ನನಗಿರಲಿಲ್ಲ. ಮೊನ್ನೆ ಎಪಿಎಂಸಿ ಗೇಟಿನಲ್ಲಿ ತೊಗರಿ ತುಂಬಿದ ಒಂದು ಟಾಟಾ 1109 ಲಾರಿ ನಿಂತಿತ್ತು. ಡ್ಯಾಶ್‌ಬೋರ್ಡ್ ಮೇಲೆ ಅದೇ ಡಬ್ಬಿ, ಅದೇ ಮೂರು ಲೈಟ್. ಹತ್ತಿರ ಹೋಗಿ ನಡೆದದ್ದೆಲ್ಲ ಹೇಳಿದೆ. ಗಾಡಿಯವನು ಕೇಳಿಸಿಕೊಂಡು ತಲೆಯಾಡಿಸಿದ. "ಇಲ್ರೀ ಅಣ್ಣ, ನಂದು ಹಂಗಿಲ್ಲ. ಪಿಕಪ್ ಭಾಳ ಛಲೋ ಬಂದದ."